ಅತ್ತಿಗೆಯ ಅಕ್ಕಡಿ

ಕುಂದೂರಿನ ಕಡೆಯ ನಮ್ಮ ಹೊಲಗಳಲ್ಲಿ ರಾಗಿ ಗಂಡಸರದಾದರೆ ಅಕ್ಕಡಿ ಹೆಂಗಸರದು. ರಾಗಿಯ ನಡುನಡುವೆ ಒಂದೊಂದು ಸಾಲು ಬಿಟ್ಟು ಅವರೆಯನ್ನೋ ತೊಗರಿಯನ್ನೋ ಹಾಕುತ್ತಿದ್ದೆವು. ಆ ಸಾಲೇ ಅಕ್ಕಡಿ. ಅದಕ್ಕೆ ಕಾಳು ಬಿಡುವವಳು ಮನೆಯೊಡತಿ, ಬೆಳೆದದ್ದೂ ಅವಳದೇ. ನೆರೆಮನೆಗೆ ಒಂದು ಮೊರ ಕೊಡುವುದಿರಲಿ, ತವರಿಗೆ ಬಂದ ಮಗಳ ಚೀಲ ತುಂಬುವುದಿರಲಿ, ಅವಳು ಹೇಳಿದಂತೆಯೇ ನಡೆಯುತ್ತಿತ್ತು. ಇದನ್ನು ಮೀರಿದ ಮನೆಯನ್ನು ನಾನು ಕಂಡಿರಲಿಲ್ಲ.

ತೊಂಬತ್ತರ ದಶಕದ ಕೊನೆಗೆ ನಮ್ಮಲ್ಲಿಗೆ ಮುಸುಕಿನ ಜೋಳ ಬಂತು. ನನ್ನ ಅಣ್ಣ ಸಿದ್ದಬಸಪ್ಪ ಹಿಡಿದದ್ದನ್ನು ಬಿಡದ ಮನುಷ್ಯ. ಸಕಲೇಶಪುರಕ್ಕೆ ಹೋಗಿ, ಗುಲಾಬಿ ಬಣ್ಣದ ಔಷಧಿ ಸವರಿದ ಬಿತ್ತನೆ ಬೀಜದ ಚೀಲ ಹೊತ್ತು ತಂದ. ಅದನ್ನು ಜಗುಲಿಯ ಮೇಲೆ ಇಳಿಸಿ, ಅಂಗಳದಲ್ಲಿ ಅವರೆ ಬೀಜ ಹಸನು ಮಾಡುತ್ತಿದ್ದ ಅತ್ತಿಗೆ ದೇವೀರಮ್ಮನಿಗೆ, "ಆ ಅವರೆ ಬೀಜ ಎತ್ತಿ ಒಳಗಿಡು. ಈ ಸಲ ಅಕ್ಕಡಿ ಇಲ್ಲ" ಎಂದ.

"ಯಾಕಿಲ್ಲ?"

"ಜೋಳ ಆಳೆತ್ತರ ಬೆಳೀತೈತೆ ಕಣೇ. ಅದರ ನೆರಳಲ್ಲಿ ನಿನ್ನ ಅವರೆ ಏನ್ ಬದುಕ್ತೈತೆ? ಸುಮ್ಕೆ ಸಾಲು ದಂಡ."

"ನಮ್ಮತ್ತೆ ಕೊಟ್ಟ ಸಾಲು ಕಣ್ರೀ ಅದು."

"ಅವ್ವನ ಕಾಲದಾಗೆ ಈ ಜೋಳ ಇತ್ತಾ? ಬೇಕಾದ್ರೆ ಹಿತ್ತಲಾಗೆ ಹಾಕ್ಕೋ, ಹೋಗು."

ಆ ಮಾತು ಅತ್ತಿಗೆಗೆ ನಾಟಿತು. ಅವಳು ಸೊಸೆಯಾಗಿ ಬಂದ ವರ್ಷವೇ ನಮ್ಮ ಅವ್ವ ಅವಳನ್ನು ಹೊಲಕ್ಕೆ ಕರೆದೊಯ್ದು, ಊರವರ ಎದುರಿಗೆ ಬೀಜವನ್ನು ಅವಳ ಮಡಿಲಿಗೆ ಸುರಿದು, ಇನ್ನು ಮುಂದೆ ಈ ಸಾಲು ನಿನ್ನದು ಎಂದಿದ್ದಳು. ಅಂದಿನಿಂದ ಹೊಲದ ಬದುವಿನ ಮೇಲೆ ಅತ್ತಿಗೆಯ ನಡಿಗೆಯೇ ಬೇರೆ. ಆ ಸಾಲು ಹೋಯಿತೆಂದರೆ, ಕರೆದಾಗ ಬಂದು ಕೆಲಸ ಮಾಡಿ ಹೋಗುವ ಆಳಿಗೂ ಅವಳಿಗೂ ಅಲ್ಲಿ ವ್ಯತ್ಯಾಸ ಉಳಿಯುತ್ತಿರಲಿಲ್ಲ.

ಬಿತ್ತನೆಯ ದಿನ ಅವಳು ಬುತ್ತಿಯನ್ನಷ್ಟೇ ಕಳಿಸಿದಳು. ಸಂಜೆ ಅಣ್ಣ ಕೈಕಾಲು ತೊಳೆದು ಬಂದು, "ಹೊಲ ಚಾಪೆ ಹಾಸ್ದಂಗೈತೆ, ನಾಳೆ ಬಂದು ನೋಡು" ಎಂದು ಹಿಗ್ಗಿನಿಂದ ಹೇಳಿದ.

"ನಂದೇನೈತೆ ಅಲ್ಲಿ ನೋಡಾಕೆ?" ಎಂದಳು ಅತ್ತಿಗೆ, ಒಲೆಯ ಕಡೆಯಿಂದ ಮುಖ ತಿರುಗಿಸದೆ.

ಜೋಳ ಮೊಣಕಾಲೆತ್ತರಕ್ಕೆ ಬಂದಾಗ ಕಳೆ ತೆಗೆಯುವ ಕಾಲ ಬಂತು. ಅದಕ್ಕೆ ನಮ್ಮಲ್ಲಿ ಮುಯ್ಯಾಳಿನ ಪದ್ಧತಿ. ಇಂದು ಅವರು ನಮ್ಮ ಹೊಲಕ್ಕೆ, ನಾಳೆ ನಾವು ಅವರ ಹೊಲಕ್ಕೆ. ಜಿನುಗು ಮಳೆಯಲ್ಲಿ ಈರಮ್ಮ, ಭೂತಮ್ಮ ಮೊದಲಾದ ಕೇರಿಯ ಹೆಂಗಸರೆಲ್ಲ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಬಂದರು. ಈ ಸಲ ಅತ್ತಿಗೆಯೂ ಜೊತೆಗೆ ಹೊರಟಳು. ಬದುವಿನ ಮೇಲೆ ಕುಳಿತ ಅಣ್ಣನಿಗೆ ಅವರು ಎಂದಿಗಿಂತ ನಿಧಾನವಾಗಿ ಸಾಗುತ್ತಿರುವುದು ಕಂಡಿತು.

"ಏನ್ ಈರಮ್ಮ, ಒಂದೊಂದು ಗಿಡಕ್ಕೂ ಬಗ್ಗಿ ಅಡ್ಡಬೀಳ್ತಾ ಬತ್ತಿದ್ದೀಯಲ್ಲ?"

"ಹೊಸಾ ಬೆಳೆ ಅಲ್ವಾ ಸಿದ್ದಬಸಪ್ಪಣ್ಣ, ಎಲ್ಲಿ ಮುನಿಸ್ಕೊಂಡ್ಬುಡ್ತದೋ ಅಂತ!" ಎಂದಳು ಈರಮ್ಮ. ಹೆಂಗಸರ ಸಾಲಿನುದ್ದಕ್ಕೂ ನಗೆ ಹರಿಯಿತು. ಅಣ್ಣನೂ ನಕ್ಕ.

ಕೆಲವು ವಾರಗಳ ಮೇಲೆ ಅಣ್ಣ ಹೊಲದಿಂದ ಕೂಗು ಹಾಕಿದ: "ಲೋ ಪರಮಶಿವ, ಬಾರೋ ಇಲ್ಲಿ!" ಹೋಗಿ ನೋಡಿದೆ. ಹೊಲದ ಈ ತುದಿಯಿಂದ ಆ ತುದಿಯವರೆಗೆ ಪ್ರತಿಯೊಂದು ಜೋಳದ ಬುಡದಿಂದಲೂ ಅವರೆ ಬಳ್ಳಿಯೊಂದು ಎದ್ದು ದಂಟನ್ನು ಸುತ್ತಿ ಮೇಲೇರುತ್ತಿತ್ತು. ಕಳೆ ಕಿತ್ತ ಜಾಗದಲ್ಲೆಲ್ಲ ಹೆಂಗಸರು ಕಾಳು ಊರಿ ಮಣ್ಣೆಳೆದಿದ್ದರು. ಅಣ್ಣ ಒಂದು ಬಳ್ಳಿಗೆ ಕೈಹಾಕಿ ಜಗ್ಗಿದ. ಜೋಳದ ದಂಟೇ ಲಟಕ್ಕೆಂದು ಮುರಿಯಿತು. ಅದನ್ನು ಹಿಡಿದುಕೊಂಡೇ ಮನೆಗೆ ಬಂದ.

"ಏನೇ ಇದು? ಒಂದ್ ಸಾಲು ಕೊಡಲ್ಲ ಅಂದ್ರೆ ಇಡೀ ಹೊಲಕ್ಕೇ ಹಾಕ್ಬುಟ್ಟಿದ್ದೀಯ!"

"ಸಾಲು ದಂಡ ಅಂದ್ರಿ. ನಿಮ್ಮ ಸಾಲು ಒಂದೂ ನಾನು ತಗೊಂಡಿಲ್ಲ."

"ಜೋಳ ಕೆಟ್ರೆ?"

"ಕೆಟ್ರೆ ಹಿತ್ತಲಿಗೇ ಹೋಯ್ತೀನಿ. ಆಮ್ಯಾಕೆ ಅಕ್ಕಡಿ ಅನ್ನೋ ಮಾತು ನನ್ನ ಬಾಯಾಗೆ ಬಂದ್ರೆ ಕೇಳಿ."

ಅಂದಿನಿಂದ ಅಣ್ಣ ದಿನವೂ ಹೊಲಕ್ಕೆ ಹೋಗಿ, ಜೋಳ ಎಲ್ಲಿಯಾದರೂ ಸೊರಗಿದೆಯೇ ಎಂದು ಹುಡುಕುತ್ತಿದ್ದ. ಅತ್ತಿಗೆಯೂ ಹೋಗುತ್ತಿದ್ದಳು, ಅವನು ಬಂದ ಮೇಲೆ. ಇಬ್ಬರಿಗೂ ಒಂದೇ ಕಳವಳ, ಬಯಕೆ ಮಾತ್ರ ಬೇರೆ ಬೇರೆ. ಜೋಳ ತನ್ನ ಪಾಡಿಗೆ ತಾನು ತೆನೆ ಕಟ್ಟಿತು, ತುಂಬಿತು, ಒಣಗಿತು.

ಕೊಯ್ಲಿನ ಬೆಳಗ್ಗೆ ಅಣ್ಣ ಕುಡುಗೋಲು ಮಸೆದು ಬಂದ. ತೆನೆ ಮುರಿದು, ದಂಟನ್ನು ಬುಡಕ್ಕೆ ಕೊಯ್ದು ದನಕ್ಕೆ ಹಾಕುವುದು ಅವನ ಲೆಕ್ಕಾಚಾರ. ಆದರೆ ಅವರೆ ಆಗಷ್ಟೇ ಮೊಗ್ಗು ಹಿಡಿದಿತ್ತು. ದಂಟು ಬಿದ್ದರೆ ಬಳ್ಳಿಯೂ ನೆಲಕ್ಕೆ. ಬದುವಿನ ಮೇಲೆ ಬಂದು ನಿಂತ ಅತ್ತಿಗೆಯ ಮುಖ ಬಿಗಿದುಕೊಂಡಿತ್ತು.

"ಜೋಳ ಕೆಟ್ಟೈತಾ?" ಎಂದು ಕೇಳಿದಳು.

ಅಣ್ಣ ಒಂದು ತೆನೆಯ ಸಿಪ್ಪೆ ಸುಲಿದು ನೋಡಿದ. ಸುಳ್ಳು ಅವನ ಜಾಯಮಾನವಲ್ಲ. "ಇಲ್ಲ."

"ಹಂಗಾದ್ರೆ ಕೊಯ್ಕೊಳ್ಳಿ. ದಂಟು ನಿಮ್ದೇ. ನನ್ನ ಬಳ್ಳಿ ಮಾತ್ರ ನಿಂತಂಗೇ ನಿಂತಿರ್ಬೇಕು."

ಅಣ್ಣ ಬಗ್ಗಿ ಒಂದು ದಂಟಿನ ಬುಡಕ್ಕೆ ಕುಡುಗೋಲು ಇಟ್ಟ. ಆ ಕಡೆಯಿಂದ ನೋಡಿದ, ಈ ಕಡೆಯಿಂದ ನೋಡಿದ. ಬಳ್ಳಿಯನ್ನು ಬಿಟ್ಟು ದಂಟನ್ನು ಕೊಯ್ಯುವ ದಾರಿ ಸಿಗಲಿಲ್ಲ. ಅವನ ಭುಜ ಕುಲುಕತೊಡಗಿದಾಗಲೇ ಅವನು ನಗುತ್ತಿದ್ದಾನೆಂದು ನನಗೆ ತಿಳಿದದ್ದು. ಕುಡುಗೋಲನ್ನು ಬದುವಿಗೆ ಎಸೆದು, "ತೆನೆ ಮಾತ್ರ ಮುರಿಯೋ ಪರಮಶಿವ. ದಂಟು ಅಲ್ಲೇ ಇರ್ಲಿ" ಎಂದ.

ಈಗ ಆ ಕಡೆ ಹೋದರೆ ಕಣ್ಣು ಹಾಯುವಷ್ಟು ದೂರ ಬರಿಯ ಜೋಳ. ಬುಡದಲ್ಲಿ ಒಂದು ಹಸಿರೆಳೆಯೂ ಇರದಂತೆ ಔಷಧಿ ಹೊಡೆದಿರುತ್ತಾರೆ. ನನಗೆ ಮಾತ್ರ ಆ ಮಾರ್ಗಶಿರದ ಹೊಲವೇ ಕಣ್ಣಿಗೆ ಕಟ್ಟುತ್ತದೆ. ಒಣಗಿ ನಿಂತ ದಂಟುಗಳ ತುಂಬ ಅವರೆ ಕಾಯಿ ಜೋತಾಡುತ್ತಿತ್ತು, ಇಬ್ಬನಿಗೆ ನೆನೆದ ಸೊಗಡು ರಸ್ತೆಯವರೆಗೂ ಹಬ್ಬಿತ್ತು. ಅತ್ತಿಗೆ ಕಾಯಿ ಬಿಡಿಸುತ್ತ ಮುಂದೆ ಮುಂದೆ, ಕುಕ್ಕೆ ಹಿಡಿದ ಅಣ್ಣ ಅವಳ ಹಿಂದೆ ಹಿಂದೆ. ಪಕ್ಕದ ಹೊಲದ ಲಿಂಗಪ್ಪನಿಗೆ ಅಷ್ಟೇ ಸಾಕಾಯಿತು.

"ಏನೋ ಸಿದ್ದಬಸಪ್ಪ, ಕುಕ್ಕೆ ಹಿಡ್ಕೊಂಡು ಹೆಂಡ್ತಿ ಹಿಂದೆ ಹೊಂಟ್ಬುಟ್ಟಿದ್ದೀಯಲ್ಲೋ ಮಾರಾಯ!"

"ಹೊಲ ಅವಳ್ದು ಕಣೋ. ಬಾ ಅಂದ್ಲು, ಬಂದಿದ್ದೀನಿ."

"ಬಿಸಿಲೇರೋದ್ರೊಳಗೆ ಮುಗೀಬೇಕು, ಮಾತು ಸಾಕು ಬನ್ನಿ" ಎಂದಳು ಅತ್ತಿಗೆ.