ನಿಲ್ಲಿಸುವವಳು

ಚೆಂಡು ಬಡಿಯದಂತೆ ಹಾಕುವ ಮುಖವಾಡದ ಪಟ್ಟಿ ಕಿವಿಗೆ ಸಿಕ್ಕಿಕೊಂಡಿದೆ ಅವಳಿಗೆ, ಎದುರು ತಂಡದ ಆ ಕುಳ್ಳಿಗೆ, ಎಳೆಯುತ್ತಾಳೆ, ಬಿಡಿಸುತ್ತಾಳೆ, ನಿಧಾನವಾಗಿ ಎಳೆದುಕೊಳ್ಳಲಿ, ಈ ಹಾಕಿ ಫೈನಲ್‌ನ ಸಮಯ ಆಗಲೇ ಮುಗಿದಿದೆ, ಎರಡು-ಎರಡು ಸಮ, ಉಳಿದಿರುವುದು ನಮಗೆ ಸಿಕ್ಕ ಈ ಒಂದು ಪೆನಾಲ್ಟಿ ಕಾರ್ನರ್, ಒಬ್ಬಳು ಗೆರೆಯಿಂದ ತಳ್ಳಿ, ಒಬ್ಬಳು ನಿಲ್ಲಿಸಿ, ಒಬ್ಬಳು ಹೊಡೆಯಬೇಕು, ಗೋಲಾದರೆ ಕಪ್ ನಮ್ಮದು, ಆಗದಿದ್ದರೆ ಶೂಟೌಟ್, ಶೂಟೌಟ್‌ನಲ್ಲಿ ನಾವು ಎಂದೂ ಗೆದ್ದವರಲ್ಲ — ಆಗುತ್ತದೆ, ನನಗೆ ಗೊತ್ತು, ಈ ತಂಡದ ಕೋಚ್ ನಾನು, ಬೆನ್ನ ಹಿಂದೆ ಮ್ಯಾನೇಜರ್ ಉಗುರು ಕಚ್ಚುತ್ತಿದ್ದಾನೆ, ಕಚ್ಚಲಿ ಪಾಪ, ಹೋದ ವರ್ಷ ನನ್ನ ಮೇಜಿನ ಮುಂದೆ ತಲೆ ಚಚ್ಚಿಕೊಂಡವನು ಇವನೇ, ಮೇಡಂ, ಎಲ್ರೂ ಗೋಲು ಹೊಡೆಯೋರನ್ನ ತರ್ತಾರೆ, ನೀವು ಗೆರೆ ಮೇಲಿಂದ ಚೆಂಡು ತಳ್ಳೋಳನ್ನ ತಂದಿದ್ದೀರಲ್ಲ, ಅದೂ ಡಬ್ಬಿ ಕಾರ್ಖಾನೆ ತಂಡದಿಂದ, ವಯಸ್ಸು ಇಪ್ಪತ್ತೊಂಬತ್ತು, ಓಡೋಕೂ ಬರಲ್ಲ. ಓಡುವುದು ಬೇಡ, ತಳ್ಳಲಿ ಸಾಕು ಎಂದೆ. ಹುಡುಗಿಯರು ಮೊದಲ ದಿನವೇ ಅವಳಿಗೆ ಡಬ್ಬಿ ಎಂದು ಹೆಸರಿಟ್ಟರು, ಎರಡನೇ ದಿನ ಅವಳು ತಳ್ಳಿದ್ದು ನೋಡಿ ಬಾಯಿಗೆ ಬೀಗ ಹಾಕಿಕೊಂಡರು, ಚೆಂಡು ಗೆರೆಯಿಂದ ಹೊರಟದ್ದು ಕಾಣುತ್ತದೆ, ಬಂದು ಮುಟ್ಟಿದ್ದು ಕಾಣುತ್ತದೆ, ನಡುವಿನದು ಕಾಣುವುದಿಲ್ಲ, ಅದನ್ನು ವೃತ್ತದ ಹೊರಗೆ ಒಬ್ಬಳು ನಿಲ್ಲಿಸಿಕೊಟ್ಟರೆ ತಾನೇ ಇನ್ನೊಬ್ಬಳು ಹೊಡೆಯುವುದು, ಹತ್ತರಲ್ಲಿ ಆರು ನಿಲ್ಲಿಸುವವಳ ಸ್ಟಿಕ್ಕಿಗೆ ಬಡಿದು ಹಾರಿಹೋಗುತ್ತಿದ್ದವು, ಮ್ಯಾನೇಜರ್ ಒಳಗೊಳಗೇ ನಗುತ್ತಿದ್ದ.

ಆಗ ಕಂಡದ್ದು ನನ್ನ ತಂಗಿಯ ಕೈ, ಇದೇ ತಂಡಕ್ಕೆ ಒಂಬತ್ತು ವರ್ಷ ಗೆರೆಯ ಮೇಲೆ ನಿಂತು ತಳ್ಳಿದವಳು, ಡಬ್ಬಿಗೆ ಜಾಗ ಬಿಟ್ಟುಕೊಟ್ಟು ಮುಖ ಊದಿಸಿಕೊಂಡು ಬೆಂಚಿನಲ್ಲಿ ಕೂತವಳು, ಸಿಡಿದು ಬಂದ ಚೆಂಡೊಂದನ್ನು ಕೂತಲ್ಲೇ ಸ್ಟಿಕ್ ಚಾಚಿ ಹಿಡಿದಳು, ಚೆಂಡು ಹೊರಳಲಿಲ್ಲ, ಮಿಸುಕಲಿಲ್ಲ, ನಿಂತಿತು. ಸಂಜೆ ಅವಳ ಮನೆಗೇ ಹೋದೆ, ಪಾತ್ರೆ ಒರೆಸುತ್ತಿದ್ದಳು, ನಾಳೆಯಿಂದ ನೀನು ನಿಲ್ಲಿಸು ಎಂದೆ, ತಿರುಗಲಿಲ್ಲ, ಇದನ್ನ ಹೇಳ್ತಿರೋದು ಕೋಚಾ, ಅಕ್ಕನಾ, ಕೋಚ್ ಎಂದೆ, ಸರಿ ಹಾಗಾದ್ರೆ, ಅಕ್ಕ ಬಂದಾಗ ಕೂತ್ಕೊಂಡು ಅಳ್ತೀನಿ, ಈಗ ನಡೀರಿ ಮೇಡಂ. ಎದೆಗೆ ನಾಟಿತು, ಇವತ್ತಿಗೂ ನೋಯುತ್ತದೆ, ಅಂದಿನಿಂದ ಅಮ್ಮನ ಮುಂದೆಯೂ ಅವಳಿಗೆ ನಾನು ಮೇಡಂ, ಆದರೂ ನಾನು ಮಾಡಿದ್ದು ತಪ್ಪಲ್ಲ, ಮೂರನೇ ತಿಂಗಳಿಗೆ ಬೆಳಗಿನ ಮೈದಾನದಲ್ಲಿ ತಂಗಿ, ಡಬ್ಬಿ ಇಬ್ಬರೇ, ಗೇಟಿನಲ್ಲಿ ನಿಂತು ತಂಗಿಯ ದನಿ ಕೇಳಿಸಿಕೊಂಡೆ, ಇನ್ನೂ ಜೋರಾಗಿ ತಳ್ಳೇ ಡಬ್ಬಿ, ಬೆಳಿಗ್ಗೆ ತಿಂದಿಲ್ವಾ. ಕಪ್ ಮುಂದಿನ ವರ್ಷವೂ ಇರುತ್ತದೆ, ಈಗ ಈ ಚೆಂಡು ತಂಗಿಯ ಸ್ಟಿಕ್ಕಿನಿಂದ ಜಾರಿದರೆ ಅವಳು ನನಗೆ ಮತ್ತೆ ಸಿಗುವುದಿಲ್ಲ, ಜಾರುವುದಿಲ್ಲ, ಕುಳ್ಳಿಯ ಪಟ್ಟಿ ಬಿಡಿಸಿಕೊಂಡಿತು, ಡಬ್ಬಿ ಬಾಗಿದಳು, ತಂಗಿ ಬಾಗಿದಳು, ಹಿಂದೆ ಹೊಡೆಯುವ ಉದ್ದನೆಯವಳು, ತಂಗೀ, ನನ್ನ ಕಡೆ ನೋಡಬೇಡ ಕಣೇ, ಚೆಂಡು ನೋಡು, ಡಬ್ಬಿ ತಳ್ಳಿದಳು — ನಿಂತಿತು — ಉದ್ದನೆಯವಳು ಯಾವಾಗ ಹೊಡೆದಳೋ, ಗೋಲಿನ ಹಲಗೆ ಬಡಿದ ಸದ್ದು, ಮ್ಯಾನೇಜರ್ ನನ್ನ ಭುಜ ಹಿಡಿದು ಅಲ್ಲಾಡಿಸುತ್ತಿದ್ದಾನೆ, ಗೆದ್ವಿ ಮೇಡಂ, ಗೆದ್ವಿ, ಹೌದು ಗೆದ್ದೆವು, ಹುಡುಗಿಯರು ಒಬ್ಬರ ಮೇಲೊಬ್ಬರು ಬೀಳುತ್ತಿದ್ದಾರೆ, ನನಗೆ ಅದ್ಯಾವುದೂ ಕಾಣುತ್ತಿಲ್ಲ, ಕಣ್ಣಲ್ಲಿ ಇನ್ನೂ ಆ ಕ್ಷಣವೇ, ತಂಗಿಯ ಬಾಗಿದ ಬೆನ್ನು, ನೆಲಕ್ಕೆ ಒತ್ತಿದ ಸ್ಟಿಕ್, ಅದಕ್ಕೆ ಆತುಕೊಂಡ ಚೆಂಡು, ನಿಂತಿದೆ, ಮಿಸುಕುತ್ತಿಲ್ಲ, ನಿಂತಿದೆ