ಒಂದು ಚಮಚ ಬಿಳಿ ಹರಳು

ನರ್ಸರಿಯವನು ಅಕ್ಕನ ಫೋನು ಎತ್ತದೆ ಎಂಟು ದಿನವಾಗಿತ್ತು. ಫೋನು ಕೂಗಿದಾಗಲೆಲ್ಲ ಕೈ ಮಣ್ಣಾಗಿದೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಸಸಿ ಮಾರುವವನ ಕೈ ಮಣ್ಣಾಗದ ದಿನ ಯಾವುದಿದೆ, ಹೇಳಿ! ಅಸಲು ಕಾರಣ ಅಕ್ಕ ಕಳಿಸಿದ್ದ ಒಂದು ಫೋಟೊ. ಅದರಲ್ಲಿ ನೀಲಿ ಹೂಗಿಡಗಳ ಬುಡದಲ್ಲಿ ಜೇನುನೊಣಗಳು ಕಾಲು ಮೇಲಾಗಿ ಬಿದ್ದಿದ್ದವು. ಕೆಳಗೆ ಒಂದೇ ಸಾಲು: 'ಯಾಕೋ ಹೀಗೆ? ಬೇಗ ಹೇಳು.' ಯಾಕೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಅಕ್ಕನ ಮನೆಯ ಮುಂದೆ ಮೊದಲು ಇದ್ದದ್ದು ಭಾವನ ಲಾನ್. ಭಾವ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ಭಾನುವಾರ ಬಂತೆಂದರೆ ಯಂತ್ರದಲ್ಲಿ ಹುಲ್ಲು ಕತ್ತರಿಸಿ, ಆಮೇಲೆ ಕಟ್ಟೆಯಂಚಿನ ಹುಲ್ಲನ್ನು ಮಂಡಿಯೂರಿ ಕುಳಿತು ಉಗುರು ಕತ್ತರಿಯಲ್ಲಿ ಸರಿಮಾಡುತ್ತಿದ್ದರು. ಇಪ್ಪತ್ತು ವರ್ಷ ಆ ಹುಲ್ಲಿನ ಮೇಲೆ ಯಾರಿಗೂ ಚಪ್ಪಲಿ ಹಾಕಿಕೊಂಡು ನಡೆಯುವ ಧೈರ್ಯವಿರಲಿಲ್ಲ. ಅಕ್ಕನೋ ಹಟಕ್ಕೆ ಬಿದ್ದರೆ ಬಿಡುವವಳಲ್ಲ. "ಒಂದು ಹುಳಾನೂ ತಲೆ ಹಾಕದ ಹಸಿರು ಇಟ್ಕೊಂಡು ಏನ್ ಮಾಡೋದ್ರೀ? ಈ ಮಣ್ಣಿನದೇ ಗಿಡ ಹಾಕೋಣ, ಜೇನು ಬರಲಿ, ಚಿಟ್ಟೆ ಬರಲಿ" ಎಂದು ಒಂದು ವರ್ಷ ಅವರ ಕಿವಿ ತೂತು ಮಾಡಿದಳು. ಕೊನೆಗೆ ಭಾವನೇ ಗುದ್ದಲಿ ಹಿಡಿದು, ಹುಲ್ಲನ್ನು ಚಾಪೆ ಸುತ್ತಿದ ಹಾಗೆ ಸುತ್ತಿ ಸುತ್ತಿ ತೆಗೆದು, ವಾರವಿಡೀ ಸೊಂಟ ಹಿಡಿದುಕೊಂಡು ಓಡಾಡಿದರು. ತಮ್ಮ ಕುರ್ಚಿಯ ಮುಂದೆ ಮಾತ್ರ ಕಾಲಿಡುವಷ್ಟು ಜಾಗದಲ್ಲಿ ಹುಲ್ಲು ಉಳಿಸಿಕೊಂಡರು.

ಎಂಬತ್ತು ಸಸಿ ಬೆಳೆಸಿಕೊಡುವ ಕೆಲಸ ತಮ್ಮನದು. ಅಕ್ಕ ಬಿಡಿಸಿ ಕೇಳಿದ್ದಳು: "ಮದ್ದು ಗಿದ್ದು ಹಾಕಲ್ಲ ತಾನೇ?"

"ನಿನ್ನ ಗಿಡಕ್ಕೆ ಹಾಕ್ತೀನಾ ಅಕ್ಕ?" ಎಂದಿದ್ದ.

ಹಾಕಿದ್ದ. ಸಸಿ ಕಳಿಸಲು ನಾಲ್ಕು ದಿನವಿದ್ದಾಗ ಚಿಗುರಿಗೆಲ್ಲ ಗಿಡದ ಹೇನು ಹತ್ತಿ ಎಲೆ ಮುರುಟಿದವು. ಮೂರು ಅಂಗಡಿ ಇಟ್ಟು ಮೂರನ್ನೂ ಮುಚ್ಚಿದ ತಮ್ಮನ ಕೈಯಲ್ಲಿ ಇದಾದರೂ ನೆಟ್ಟಗೆ ಬೆಳೆದಿದೆ ಎಂದು ಅಕ್ಕ ಅನ್ನಬೇಕಿತ್ತು, ಅಷ್ಟೇ ಅವನ ಆಸೆ. ಮಾರುವ ಗಿಡಗಳಿಗೆ ಹಾಕುವ ಹುಳದ ಮದ್ದಿನ ಬಿಳಿ ಹರಳನ್ನು ಕುಂಡಕ್ಕೊಂದು ಚಮಚದಂತೆ ಉದುರಿಸಿ ನೀರು ಹಾಕಿದ. ಅದನ್ನು ಬೇರು ಹೀರುತ್ತದೆ, ಎಲೆಗೆ ಹೋಗುತ್ತದೆ, ಹೂವಿನ ಮಕರಂದಕ್ಕೂ ಹೋಗುತ್ತದೆ. ಗೊತ್ತಿದ್ದೂ ಗೊತ್ತಿದ್ದೂ ಹಾಕಿದ. ಹೂ ಬಿಡುವಷ್ಟರಲ್ಲಿ ತೊಳೆದುಹೋಗುತ್ತೆ ಬಿಡು ಎಂದುಕೊಂಡ. ಪಾಪಿ!

ಒಂಬತ್ತನೇ ದಿನ ಬೆಳಿಗ್ಗೆ ಭಾವನೇ ಚೀಲ ಹಿಡಿದು ನರ್ಸರಿಗೆ ಬಂದರು. ಕ್ಷೌರ ಮಾಡಿಕೊಂಡಿರಲಿಲ್ಲ, ಅಂಗಿಯ ಗುಂಡಿ ಒಂದು ಮೇಲೆ ಒಂದು ಕೆಳಗೆ ಸಿಕ್ಕಿತ್ತು.

"ನಿಮ್ಮಕ್ಕ ಒಂದು ವಾರದಿಂದ ನನ್ನ ಹತ್ರ ಮಾತಾಡ್ತಿಲ್ಲ ಕಣಯ್ಯ."

"ಯಾಕೆ ಭಾವ?"

"ಸೊಳ್ಳೆ ಕಾಟ ಅಂತ ಒಂದು ಸಾಯಂಕಾಲ ಕಿಟಕಿ ಹತ್ರ ಸ್ಪ್ರೇ ಹೊಡೆದೆ. ಮಾರನೇ ದಿನ ನೋಡಿದ್ರೆ ಜೇನೆಲ್ಲ ನೆಲದ ಮೇಲೆ. ಸ್ಪ್ರೇಯಿಂದಾನೇ ಅಂತ ಅವಳು ಹೇಳಿದಾಗ ಮೊದಮೊದಲು ನಾನು ಒಪ್ಪಲಿಲ್ಲ. ಯೋಚನೆ ಮಾಡಿದೆ. ನಾನೇ ಕೊಂದೆ. ಈಗ ಅವಳು ಏಳೋ ಮುಂಚೆ ಎದ್ದು ಸತ್ತವನ್ನೆಲ್ಲ ಗುಡಿಸಿಬಿಡ್ತೀನಿ, ಅವಳ ಕಣ್ಣಿಗೆ ಬೀಳೋದು ಬೇಡ ಅಂತ." ಚೀಲ ಬಿಚ್ಚಿ ಹಿಡಿದರು. "ಅದೇ ಗಿಡ ಇನ್ನೊಂದು ಇಪ್ಪತ್ತು ಕೊಡು. ಕುರ್ಚಿ ಹತ್ರ ಇದ್ದ ಹುಲ್ಲನ್ನೂ ನಿನ್ನೆ ಕಿತ್ತುಹಾಕ್ದೆ."

ಹಿಂದಿನ ಸಾಲಿನಲ್ಲಿ ಮದ್ದು ಸೋಕದ ಸಸಿಗಳಿದ್ದವು. ಅವನ್ನು ತುಂಬಿ ಕಳಿಸಿದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು, ಯಾರಿಗೂ ಸುಳಿವು ಸಿಗುತ್ತಿರಲಿಲ್ಲ. ನಾಲ್ಕು ಕುಂಡ ಎತ್ತಿ ಚೀಲಕ್ಕಿಟ್ಟೂ ಆಯಿತು.

"ಇನ್ಮೇಲೆ ಆ ಕಿಟಕೀನೇ ತೆಗೆಯಲ್ಲ" ಎಂದರು ಭಾವ, ಯಾರಿಗೋ ಮಾತು ಕೊಡುವವರಂತೆ.

ಐದನೇ ಕುಂಡ ಅವನ ಕೈಯಲ್ಲೇ ಉಳಿಯಿತು. "ಸ್ಪ್ರೇಯಿಂದ ಅಲ್ಲ ಭಾವ. ಗಿಡದೊಳಗೇ ಮದ್ದಿದೆ. ನಾನೇ ಹಾಕಿದ್ದು. ಅಕ್ಕ ಬೇಡ ಅಂದಿದ್ರೂ ಹಾಕ್ದೆ."

ಭಾವ ಬೈಯುತ್ತಾರೆ, ಕೈ ಎತ್ತಿದರೂ ಎತ್ತಲಿ ಎಂದು ತಲೆ ತಗ್ಗಿಸಿದ. ಅವರು ಬೋರಲು ಹಾಕಿದ ಕುಂಡದ ಮೇಲೆ ಕುಸಿದು ಕೂತರು.

"ಹಾಗಾದ್ರೆ... ನಾನಲ್ವಾ?"

"ಅಲ್ಲ ಭಾವ."

"ಫೋನ್ ಮಾಡು ಅವಳಿಗೆ. ನೀನೇ ಹೇಳು."

ಅಕ್ಕ ಮೊದಲ ರಿಂಗಿಗೇ ಎತ್ತಿದಳು. "ಎಲ್ಲಿ ಹಾಳಾಗಿ ಹೋಗಿದ್ಯೋ? ಹುಷಾರಾಗಿದೀಯ ತಾನೇ? ಎಂಟು ದಿನದಿಂದ ಜೀವ ಕೈಯಲ್ಲಿ ಹಿಡ್ಕೊಂಡಿದೀನಿ!" ಅವನು ಹೇಗೋ ಎಲ್ಲವನ್ನೂ ಹೇಳಿ ಮುಗಿಸಿದ. ಅಕ್ಕ, "ಅವರು ಅಲ್ಲೇ ಇದಾರಾ? ಅವರಿಗೆ ಕೊಡು" ಎಂದಳು.

ಭಾವ ಆ ಕಡೆ ತಿರುಗಿ ನಿಂತು ಹೂಂ, ಹೂಂ ಎಂದರು. "ಅಯ್ಯೋ, ಬಿಡೇ, ಅಳಬೇಡ" ಎಂದರು. ಅಂಗಿಯ ತೋಳಿನಲ್ಲಿ ಕಣ್ಣೊರೆಸಿಕೊಂಡು ಫೋನು ಹಿಂದಕ್ಕೆ ಕೊಟ್ಟರು.

"ಹೂವು, ಮೊಗ್ಗು ಎಲ್ಲಾ ಇವತ್ತೇ ಕತ್ತರಿಸಬೇಕಂತೆ, ಇನ್ನೊಂದು ಜೇನು ಬರೋದರೊಳಗೆ. ಆಮೇಲೆ ಗಿಡಾನೂ ಕೀಳಬೇಕು. ಕತ್ತರಿ ತಗೋ."

"ನನಗೇನಾದ್ರೂ ಹೇಳಿದ್ಲಾ ಭಾವ?"

"ಇಲ್ಲ ಕಣಯ್ಯ."

ಅವನು ಎರಡು ಕತ್ತರಿ ಹುಡುಕಿ ತಂದ. ಭಾವ ಒಂದನ್ನು ಕೈಗೆ ತೆಗೆದುಕೊಂಡು, ಅವನ ಭುಜದ ಮೇಲೆ ಕೈಯಿಟ್ಟರು.

"ಬಾ, ನಿನ್ನ ಜೊತೆ ನಾನಿರ್ತೀನಿ. ಅವಳು ಮಾತಾಡದೇ ಇರೋ ಮನೇಲಿ ಒಬ್ಬನೇ ಕೂರೋದು ಬಹಳ ಕಷ್ಟ."