ಒಂದು ಕೆಂಪು ಹೊಲಿಗೆ

ಅಣ್ಣನ ಕೋಟಿನ ಎದೆಗುಂಡಿ ಕಿತ್ತುಹೋಗಿತ್ತು. ಹಾಗೇ ಕಳಿಸಿದರೆ ಜನ ಏನಂದಾರು, ದರ್ಜಿಯ ಹೆಣ! ತಮ್ಮ ಕೋಟು ಹಿಡಿದು ಅಂಗಡಿಗೆ ಬಂದು ಅಣ್ಣನ ಯಂತ್ರದ ಡ್ರಾ ಎಳೆದು ಕಪ್ಪು ದಾರಕ್ಕೆ ತಡಕಾಡಿದ. ಹಿಂದಿನ ನಡುಮನೆಯಲ್ಲಿ ಅಣ್ಣ ಮಲಗಿದ್ದ. ಹೊರಗೆ ಗಾಡಿ ಬಂದು ನಿಂತಿತ್ತು.

ಕಪ್ಪು ದಾರ ಸಿಕ್ಕಿತು. ಅದರ ಹಿಂದೆ ಚಿಂದಿಯಲ್ಲಿ ಸುತ್ತಿಟ್ಟ ಇನ್ನೊಂದು ಉರುಳೆಯೂ ಸಿಕ್ಕಿತು. ಕೆಂಪು. ಹೆಚ್ಚುಕಡಿಮೆ ಖಾಲಿ.

"ಇದನ್ನ ನಾನೇ ಚರಂಡಿಗೆ ಎಸೆದಿದ್ದೆನಲ್ಲ!"

"ಅದು ಬೇರೆ," ಅಂದಳು ಬಾಗಿಲಲ್ಲಿ ನಿಂತಿದ್ದ ಅತ್ತಿಗೆ. "ಆಮೇಲಿಂದ ಇದು ಮೂರನೇದು."

*

ಅಣ್ಣ ಹೊಲಿದ ಪ್ರತಿ ಬಟ್ಟೆಯಲ್ಲೂ ಎಲ್ಲೋ ಒಂದು ಕಡೆ ಒಂದೇ ಒಂದು ಕೆಂಪು ಹೊಲಿಗೆ ಅಡಗಿರುತ್ತಿತ್ತು. ಗಿರಾಕಿ ಹುಡುಕಬೇಕು. ಹುಡುಕಿ ತಂದು ತೋರಿಸಿದರೆ ಅಣ್ಣ ಯಂತ್ರ ನಿಲ್ಲಿಸಿ, ಎದ್ದು, ಕತ್ತರಿಯನ್ನು ಹಣೆಗೆ ಮುಟ್ಟಿಸಿ ಸಲಾಮು ಹೊಡೆಯುತ್ತಿದ್ದ. ಐವತ್ತೆಂಟರ ಆಸಾಮಿ!

ಎರಡು ವರ್ಷದ ಹಿಂದೆ ಅಧಿಕಾರಿಯೊಬ್ಬರು ಕೋಟು ತಂದು ಮೇಜಿನ ಮೇಲೆ ಬಿಸಾಡಿದರು. "ಇದೇನ್ರೀ ಇದು, ಬೇರೆ ದಾರ?" ಅವರ ಕಚೇರಿಯ ನಲವತ್ತು ಸಮವಸ್ತ್ರದ ಕೆಲಸ ಕೈತಪ್ಪಿತು.

"ಇದು ಅಂಗಡಿ ಕಣಣ್ಣ, ಮಕ್ಕಳಾಟ ಅಲ್ಲ. ನಿಂಗೆ ಬುದ್ಧಿ ಬರೋದು ಯಾವಾಗ?"

"ದಿನಕ್ಕೆ ಹತ್ತು ಗಂಟೆ ಅದೇ ಸ್ಟೂಲು, ಅದೇ ಪೆಡಲು. ಅದೊಂದು ಹೊಲಿಗೆ ಬಿಟ್ರೆ ನಂದೂಂತ ಏನಿದ್ಯೋ ಇಲ್ಲಿ?"

"ಎಲ್ರೂ ದುಡಿಯೋದು ಹಾಗೇ."

ತಮ್ಮ ಎದ್ದು ಕೆಂಪು ಉರುಳೆಯನ್ನು ಕಿಟಕಿಯಾಚೆ ಚರಂಡಿಗೆ ಎಸೆದ. ಅದು ಬಿದ್ದ ಸದ್ದು ಕೇಳಿದ ಮೇಲೆ ಅಣ್ಣ ಮತ್ತೆ ಪೆಡಲಿಗೆ ಕಾಲಿಟ್ಟ.

"ಆಯ್ತು ಬಿಡು. ಇನ್ಮೇಲೆ ನಿನ್ನ ಕಣ್ಣಿಗೆ ಕೆಂಪು ದಾರ ಬೀಳಲ್ಲ."

*

ಡ್ರಾದಲ್ಲಿ ಸಿಕ್ಕ ಉರುಳೆ ಹಿಡಿದು ನಡುಮನೆಗೆ ನುಗ್ಗಿದ ತಮ್ಮ, ಹೆಣದ ಸುತ್ತ ಕೂತ ಬೀದಿಯವರನ್ನು ಕೇಳಿದ. "ಇದು ಯಾರ್‍ಯಾರಿಗೆ ಗೊತ್ತಿತ್ತು?"

ಅಂಚೆಯವನು ತನ್ನ ಅಂಗಿಯ ತೋಳು ಮಡಚಿ ಒಳಮೈ ತೋರಿಸಿದ. ಎಳ್ಳಷ್ಟು ಕೆಂಪು.

"ನೀನು ಊಟಕ್ಕೆ ಹೋಗೋದನ್ನೇ ಕಾಯ್ತಿದ್ವಿ ಮಾರಾಯ. ನೀನು ಬಾಗಿಲು ದಾಟಿದ್ರೆ ನಮ್ಮ ದರ್ಬಾರು ಶುರು."

"ನಂಗೆ ಹನ್ನೊಂದು ದಿನ ಸಿಕ್ಕಿರ್ಲಿಲ್ಲ," ಅಂದರು ಮೇಷ್ಟ್ರು. "ಪ್ಯಾಂಟು ತಿರುವಿ ಹಾಕ್ಕೊಂಡು ಕೂತಿದ್ರೆ ಮನೆಯವ್ಳು, 'ನಿಮಗೆ ತಲೆ ಕೆಟ್ಟಿದೆ' ಅಂದ್ಲು. ಆಮೇಲೆ ಹುಡುಕಿದ್ದೂ ಅವ್ಳೇ."

ಯಾರೋ ಕಿಸಕ್ಕನೆ ನಕ್ಕರು. ಅತ್ತಿಗೆಯೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

"ಹೆಣದ ಮುಂದೆ ಹಲ್ಲು ಕಿರೀತೀರಲ್ಲ, ನಾಚಿಕೆ ಆಗಲ್ವಾ?"

ತಮ್ಮ ಗದರಿದ. ಎರಡು ವರ್ಷ ಇಡೀ ಬೀದಿ ಈ ಆಟ ಆಡಿದೆ. ತನ್ನನ್ನೊಬ್ಬನನ್ನು ಬಿಟ್ಟು.

ಬಿಟ್ಟು? ಮೈಮೇಲಿನ ಬಿಳಿ ಅಂಗಿ ಹೋದ ವರ್ಷ ಅಣ್ಣನೇ ಹೊಲಿದುಕೊಟ್ಟದ್ದು. ಅಂಗಡಿಗೆ ಬಂದು ಬಾಗಿಲು ಹಾಕಿ ಅಂಗಿ ಕಳಚಿದ. ಜೇಬು ತಿರುವಿದ. ಕಾಲರು, ಕಂಕುಳು, ಅಂಚು, ಗುಂಡಿಮನೆಗಳನ್ನೆಲ್ಲ ಉಗುರಿನಿಂದ ಬಿಡಿಸಿ ನೋಡಿದ. ಎಲ್ಲ ಬಿಳಿ. ಗೆರೆ ಎಳೆದಂತೆ ನೇರ. ತಾನು ಬೇಕೆಂದು ಬಾಯಿ ಬಡಿದುಕೊಂಡಿದ್ದ ಹೊಲಿಗೆ.

ಕೊಟ್ಟ ಮಾತು ಉಳಿಸಿಕೊಂಡಿದ್ದ, ಹಾಳಾದವನು.

"ಸಿಕ್ತೇನಪ್ಪಾ?" ಅತ್ತಿಗೆ ಹೊರಗಿನಿಂದ ಕೇಳಿದಳು. "ಗಾಡಿಯವನು ಅವಸರ ಮಾಡ್ತಿದಾನೆ."

"ಇಲ್ಲ."

ಕಪ್ಪು ಉರುಳೆ ಎದುರಿಗೇ ಇತ್ತು. ಅವನು ಸೂಜಿಗೆ ಕೆಂಪು ಪೋಣಿಸಿದ. ಕೋಟಿನ ಗುಂಡಿಗೆ ನಾಲ್ಕು ತೂತು; ದಾರ ಎರಡಕ್ಕೇ ಮುಗಿಯಿತು. ಗಂಟು ಹಾಕಲೂ ಸಾಲಲಿಲ್ಲ. ಗಾಡಿಯ ಹಾರ್ನ್ ಕೇಳಿಸಿತು. ಕೈಗೆ ಸಿಕ್ಕಂತೆ ಅಂಗಿ ಏರಿಸಿಕೊಂಡು ಹೊರಬಂದ. ಎಲ್ಲರೂ ಸೇರಿ ಅಣ್ಣನಿಗೆ ಕೋಟು ತೊಡಿಸಿದರು, ಎತ್ತಿದರು. ಮುಂದೆ ಹೆಗಲು ಕೊಟ್ಟವನು ತಮ್ಮ.

ಮೆಟ್ಟಿಲು ಇಳಿಯುವಾಗ ಅವನಿಗೆ ಗೊತ್ತಾಯಿತು, ಅಂಗಿ ಒಳಹೊರಗಾಗಿದೆ. ಹೊಲಿಗೆಗಳೆಲ್ಲ ಬೀದಿಗೆ ಕಾಣುತ್ತಿವೆ. ಯಾರೂ ಹೇಳಲಿಲ್ಲ.

ಬೆನ್ನ ಹಿಂದೆ ಹೆಗಲು ಕೊಟ್ಟಿದ್ದ ಮೇಷ್ಟ್ರು ಪಕ್ಕದ ಅಂಚೆಯವನಿಗೆ ಪಿಸುಗುಟ್ಟಿದ್ದು ಕೇಳಿಸಿತು. "ನೋಡೋ, ಎಲ್ಲಾದ್ರೂ ಕೆಂಪು ಇದ್ಯಾ? ಆ ಭುಜದ ಹತ್ರ ನೋಡು."

ತಮ್ಮ ತಿರುಗಲಿಲ್ಲ. ನಡಿಗೆ ನಿಧಾನ ಮಾಡಿದ.